ಯಾವ ಟ್ಯಾಬ್ಲೆಟ್ ತಗೊಳ್ಳಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ನೆಂಟರಿಷ್ಟರಲ್ಲಿ ಯಾರ ಮನೆಗಾದರೂ ಟ್ಯಾಬ್ ಬೇಕು ಎಂದಾಗ ನನಗೊಂದು ಫೋನ್ ಬರುತ್ತದೆ. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಅವನ್ನೆಲ್ಲ ಒಂದು ಕಡೆ ಸೇರಿಸಿ ಉತ್ತರ ಬರೆದಿಟ್ಟಿದ್ದೇನೆ. ಮುಖ್ಯವಾಗಿ ಹೋಲಿಸಿರುವುದು ನಾಲ್ಕನ್ನು: 2025ರ ಎ16 ಚಿಪ್ಪಿನ ಸಾದಾ ಐಪ್ಯಾಡ್, ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್10 ಎಫ್ಇ, ಅದೇ ಕಂಪನಿಯ ಅಗ್ಗದ ಟ್ಯಾಬ್ ಎ9 ಪ್ಲಸ್, ಮತ್ತು ಶಿಯೋಮಿ ಪ್ಯಾಡ್ 7. ಮಿಕ್ಕವು ಅಲ್ಲಲ್ಲಿ ಬರುತ್ತವೆ. ಕೊಟ್ಟಿರುವ ಬೆಲೆಗಳು ಭಾರತದಲ್ಲಿ ಅವು ಬಿಡುಗಡೆಯಾದಾಗಿನವು. ಹಬ್ಬದ ಸೇಲ್‌ನಲ್ಲಿ ಏರುಪೇರು ಇದ್ದೇ ಇರುತ್ತದೆ.

ಫೋನ್ ಇದೆ, ಲ್ಯಾಪ್‌ಟಾಪೂ ಇದೆ. ಟ್ಯಾಬ್ ನಿಜಕ್ಕೂ ಬೇಕೇ?

ವಿಡಿಯೊ ನೋಡುವುದಕ್ಕೆ ಮಾತ್ರ ಎಂದಾದರೆ ಬೇಡ. ಮನೆಯಲ್ಲಿ ಟಿವಿ ಇದೆ, ಕೈಯಲ್ಲಿ ಫೋನ್ ಇದೆ. ಇಡೀ ಪುಟವನ್ನು ಒಮ್ಮೆಗೇ ಕಣ್ಣ ಮುಂದೆ ಇಟ್ಟುಕೊಂಡು ಓದಬೇಕು, ಅದರ ಮೇಲೆ ಗೀಟು ಹಾಕಬೇಕು, ಅಂಚಿನಲ್ಲಿ ಬರೆಯಬೇಕು ಎನ್ನುವವರಿಗೆ ಬೇಕು. ಫೋನಿನಲ್ಲಿ ಪುಟವನ್ನು ಹಿಗ್ಗಿಸಿ ಆ ಕಡೆ ಈ ಕಡೆ ಎಳೆದಾಡಬೇಕು. ಲ್ಯಾಪ್‌ಟಾಪಿನ ಅಡ್ಡ ಸ್ಕ್ರೀನಿನಲ್ಲಿ ಅರ್ಧ ಪುಟವಷ್ಟೇ ಕಾಣುತ್ತದೆ. ಟ್ಯಾಬ್ ಎಂದರೆ ಮೊದಲು ಒಂದು ಪುಟ, ಒಂದು ಸ್ಲೇಟು. ಕಂಪ್ಯೂಟರ್ ಎನ್ನುವುದು ಆಮೇಲೆ. ಕೆಳಗಿನ ಉತ್ತರಗಳಲ್ಲೆಲ್ಲ ನಾನು ಹಿಡಿದಿರುವ ಅಳತೆಗೋಲು ಇದೇ.

ಎಷ್ಟು ಇಂಚಿನದು ತಗೊಳ್ಳಬೇಕು? ಎಲ್ಲ 11 ಇಂಚೂ ಒಂದೇ ತಾನೇ?

ಅಲ್ಲ. ಜನ ಮೋಸಹೋಗುವುದು ಇಲ್ಲೇ ಹೆಚ್ಚು. ಇಂಚು ಎಂದರೆ ಮೂಲೆಯಿಂದ ಮೂಲೆಗೆ ಅಳೆದದ್ದು. ಅಗಲ ಎಷ್ಟು, ಉದ್ದ ಎಷ್ಟು ಎಂಬುದು ಸ್ಕ್ರೀನಿನ ಆಕಾರಕ್ಕೆ ಬಿಟ್ಟದ್ದು. ಟ್ಯಾಬ್ ಎ9 ಪ್ಲಸ್‌ನದು 11 ಇಂಚು, 16:10 ಆಕಾರ. ನೆಟ್ಟಗೆ ಹಿಡಿದರೆ ಅಗಲ ಸುಮಾರು 14.8 ಸೆಂ.ಮೀ. ಸಾದಾ ಐಪ್ಯಾಡಿನ ಸ್ಕ್ರೀನು ಮೂಲೆಯಿಂದ ಮೂಲೆಗೆ ಅದಕ್ಕಿಂತ ಕೊಂಚ ಚಿಕ್ಕದು, ಆದರೆ ಅಗಲ ಸುಮಾರು 15.8 ಸೆಂ.ಮೀ. ಶಿಯೋಮಿ ಪ್ಯಾಡ್ 7ರದು 11.2 ಇಂಚು, 3:2 ಆಕಾರ. ಅಗಲ ಹೆಚ್ಚುಕಡಿಮೆ ಐಪ್ಯಾಡಿನಷ್ಟೇ.

ಒಂದು ಸೆಂಟಿಮೀಟರ್‌ನಿಂದ ಏನಾಗುತ್ತದೆ ಎನ್ನುತ್ತೀರಿ. ಎ4 ಹಾಳೆಯ ಅಗಲ 21 ಸೆಂ.ಮೀ. ಕಾಲೇಜಿನ ನೋಟ್ಸು, ಸರ್ಕಾರಿ ಸುತ್ತೋಲೆ, ಕೋರ್ಟಿನ ತೀರ್ಪು, ಪ್ರಶ್ನೆಪತ್ರಿಕೆ ಎಲ್ಲ ಎ4. 16:10ರ ಸ್ಕ್ರೀನಿನಲ್ಲಿ ಆ ಪುಟ ನಿಜದ ಅಳತೆಯ 70 ಶೇಕಡಕ್ಕೆ ಇಳಿಯುತ್ತದೆ. ಐಪ್ಯಾಡ್ ಮತ್ತು ಪ್ಯಾಡ್ 7ರಲ್ಲಿ 75 ಶೇಕಡ. 12 ಪಾಯಿಂಟಿನ ಕನ್ನಡ ಅಕ್ಷರ ಒಂದರಲ್ಲಿ 8.4 ಪಾಯಿಂಟ್, ಇನ್ನೊಂದರಲ್ಲಿ 9 ಪಾಯಿಂಟ್ ಆಗಿ ಕಾಣುತ್ತದೆ. ಇಂಗ್ಲಿಷಿಗೆ ಇದು ಅಷ್ಟು ತೊಂದರೆ ಕೊಡುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಕೂರುತ್ತದೆ. ಪುಟ ಕುಗ್ಗಿದಾಗ ಮೊದಲು ಮಸುಕಾಗುವುದೇ ಅದು. 2023ರ ಮೊದಲ ಒನ್‌ಪ್ಲಸ್ ಪ್ಯಾಡ್ 7:5 ಆಕಾರದಲ್ಲಿ ಬಂದಾಗ ಹಲವರು ಚೌಕಟ್ಟು ವಿಚಿತ್ರ ಎಂದರು. ನನಗದು ಖುಷಿಕೊಟ್ಟ ಸಂಗತಿ. ಅದರ 11.61 ಇಂಚಿನ ಸ್ಕ್ರೀನಿನಲ್ಲಿ ಎ4 ಪುಟ 80 ಶೇಕಡ ದಾಟಿ ಕಾಣುತ್ತದೆ.

ಕನ್ನಡದ ಕಥೆ, ಕಾದಂಬರಿಗಳ ಮಾತು ಬೇರೆ. ನಮ್ಮ ಪ್ರಕಾಶಕರು ಬಹುಪಾಲು ಅಚ್ಚು ಹಾಕುವುದು 1/8 ಡೆಮಿಯಲ್ಲಿ. ಆ ಪುಟ ಸುಮಾರು 14 ಸೆಂ.ಮೀ. ಅಗಲ, 21.5 ಸೆಂ.ಮೀ. ಉದ್ದ. ಅಂದರೆ ಮೇಲೆ ಹೇಳಿದ 11 ಇಂಚಿನ ಯಾವ ಟ್ಯಾಬಿನಲ್ಲಾದರೂ ಡೆಮಿ ಪುಸ್ತಕದ ಸ್ಕ್ಯಾನು ಅಚ್ಚಿನಷ್ಟೇ ದೊಡ್ಡದಾಗಿ ಮೂಡುತ್ತದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಕನ್ನಡದ ಹಳೆಯ ಪುಸ್ತಕಗಳ ಸ್ಕ್ಯಾನುಗಳು ರಾಶಿ ರಾಶಿ ಇವೆ. ಅವನ್ನು ಮೊದಲ ಸಲ 11 ಇಂಚಿನಲ್ಲಿ ತೆರೆದಾಗ, ಅಂಗಡಿಯಲ್ಲಿ ಎಂದೋ ಸಿಗದೆ ಹೋದ ಪುಸ್ತಕ ಮಡಿಲಿಗೆ ಬಂದು ಕೂತ ಹಾಗೆ ಅನ್ನಿಸಿತ್ತು.

8 ಇಂಚಿನವು ಕೈಗೆ ಹಗುರ. ಐಪ್ಯಾಡ್ ಮಿನಿ 300 ಗ್ರಾಮೂ ಇಲ್ಲ. ಆದರೆ ಎ4 ಪುಟ ಅರ್ಧಕ್ಕಿಂತ ತುಸು ಮೇಲೆ ಅಷ್ಟೇ ನಿಲ್ಲುತ್ತದೆ. ಅಕ್ಷರ ದೊಡ್ಡದು ಮಾಡಿಕೊಳ್ಳಬಲ್ಲ ಇ-ಪುಸ್ತಕ ಓದುವವರಿಗೆ ಅದು ಒಪ್ಪುತ್ತದೆ, ಪಿಡಿಎಫ್ ಓದುವವರಿಗೆ ಒಪ್ಪುವುದಿಲ್ಲ.

ಐಪ್ಯಾಡೋ ಆಂಡ್ರಾಯ್ಡೋ? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಆಗುವುದಿಲ್ಲ, ಎರಡು ಮಾತಲ್ಲಿ ಹೇಳುತ್ತೇನೆ. ಚಿತ್ರ ಬರೆಯುವವರು, ಸಂಗೀತ ಅಥವಾ ವಿಡಿಯೊ ಜೋಡಿಸುವವರು, ಇಂಗ್ಲಿಷಿನಲ್ಲೇ ನೋಟ್ಸು ಬರೆಯುವ ವಿದ್ಯಾರ್ಥಿಗಳು ಐಪ್ಯಾಡ್ ತಗೊಳ್ಳಲಿ. ಆ ಕೆಲಸಗಳ ಒಳ್ಳೆಯ ಆಪ್‌ಗಳು ಅಲ್ಲಿವೆ. ಕನ್ನಡದಲ್ಲಿ ಬರೆಯುವವರು, ಪೆನ್‌ಡ್ರೈವು ಮೆಮೊರಿ ಕಾರ್ಡು ಎಂದು ಕಡತ ಹೊತ್ತು ತಿರುಗುವವರು ಆಂಡ್ರಾಯ್ಡ್ ತಗೊಳ್ಳಲಿ. ಯಾಕೆಂಬುದು ಮುಂದೆ ಬರುತ್ತದೆ.

ಪೆನ್ನು ಬೇಕೇ ಬೇಕಾ? ಯಾವುದರ ಪೆನ್ನು ಒಳ್ಳೆಯದು?

ಓದುವವರಿಗೆ ಬೇಡ, ಕಲಿಯುವವರಿಗೆ ಬೇಕು. ಪಿಯುಸಿ ಓದುವ ಹುಡುಗಿಗೆ ಪೆನ್ನಿಲ್ಲದ ಟ್ಯಾಬ್ ಕೊಡಿಸಿದರೆ ಅವಳ ಕೈಯಲ್ಲಿ ಅದು ದೊಡ್ಡ ಫೋನ್ ಆಗಿ ಉಳಿಯುತ್ತದೆ. ಗಣಿತದ ಲೆಕ್ಕವನ್ನು ಕೀಬೋರ್ಡಿನಲ್ಲಿ ಯಾರೂ ಬಿಡಿಸುವುದಿಲ್ಲ.

ಲೆಕ್ಕ ಹಾಕಿ ನೋಡಿ. ಐಪ್ಯಾಡ್ 34,900 ರೂಪಾಯಿಗೆ ಬಂತು, ಪೆನ್ನು ಬೇರೆ. ಅದಕ್ಕೆ ಹೊಂದುವ ಯುಎಸ್‌ಬಿ-ಸಿ ಪೆನ್ಸಿಲ್ 7,900. ಒಟ್ಟು 42,800. ಟ್ಯಾಬ್ ಎಸ್10 ಎಫ್ಇ ಬಂದದ್ದು 42,999ಕ್ಕೆ, ಎಸ್ ಪೆನ್ ಪೆಟ್ಟಿಗೆಯೊಳಗೇ ಇದೆ. ವೆಚ್ಚ ಹೆಚ್ಚುಕಡಿಮೆ ಒಂದೇ, ಆದರೆ ಪೆನ್ನುಗಳು ಒಂದೇ ಅಲ್ಲ. ಎಸ್ ಪೆನ್ನು ಒತ್ತಿದಷ್ಟೂ ಗೀಟು ದಪ್ಪವಾಗುತ್ತದೆ. 7,900ರ ಪೆನ್ಸಿಲ್‌ಗೆ ಒತ್ತಡ ಗೊತ್ತಾಗುವುದಿಲ್ಲ. ಸಾದಾ ಐಪ್ಯಾಡಿನಲ್ಲಿ ಒತ್ತಡ ತಿಳಿಯುವ ಪೆನ್ಸಿಲ್ಲೇ ಬೇಕೆಂದರೆ 2015ರ ಕಾಲದ ಮೊದಲ ಪೆನ್ಸಿಲ್ ಕೊಂಡು, ಚಾರ್ಜ್ ಮಾಡಲು ನಡುವೆ ಒಂದು ಅಡಾಪ್ಟರ್ ಸಿಕ್ಕಿಸಬೇಕು. ಪೆನ್ಸಿಲ್ ಪ್ರೊ ಇದಕ್ಕೆ ಕೆಲಸ ಮಾಡುವುದೇ ಇಲ್ಲ. ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ಸಾದಾ ಐಪ್ಯಾಡಿನಲ್ಲಿ ಗಾಜಿಗೂ ಚಿತ್ರ ಮೂಡುವ ಪದರಕ್ಕೂ ನಡುವೆ ಸಣ್ಣ ಅಂತರವಿದೆ. ಪೆನ್ನಿನ ತುದಿ ಒಂದು ಕಡೆ, ಗೀಟು ಕೂದಲೆಳೆಯಷ್ಟು ಕೆಳಗೆ ಕಂಡಂತಾಗುತ್ತದೆ. ಬರಹಕ್ಕೆ ಎರಡು ದಿನದಲ್ಲಿ ಕೈ ಹೊಂದಿಕೊಳ್ಳುತ್ತದೆ, ಸೂಕ್ಷ್ಮ ಚಿತ್ರಕ್ಕೆ ಅಡ್ಡಿ. ಚಿತ್ರವೇ ಮುಖ್ಯವಾದರೆ ಐಪ್ಯಾಡ್ ಏರ್‌ಗೆ ಹೋಗಬೇಕು; 2025ರ ಎಂ3 ಚಿಪ್ಪಿನದು 59,900ರಿಂದ ಶುರು.

ಟ್ಯಾಬ್ ಎ9 ಪ್ಲಸ್‌ಗೆ ಎಸ್ ಪೆನ್ ಹಿಡಿಸುವುದಿಲ್ಲ. ಮುನ್ನೂರು ರೂಪಾಯಿಯ ರಬ್ಬರ್ ತುದಿಯ ಪೆನ್ನು ಎಲ್ಲದರ ಮೇಲೂ ಓಡುತ್ತದೆ, ಆದರೆ ಅದು ಬೆರಳಿನ ಬದಲು ಅಷ್ಟೇ. ಬರೆಯುವಾಗ ಅಂಗೈ ಸ್ಕ್ರೀನಿಗೆ ತಾಗಿದರೆ ಅಲ್ಲೂ ಗೀಟು ಬೀಳುತ್ತದೆ. ಶಿಯೋಮಿ ಪ್ಯಾಡ್ 7ಕ್ಕೆ ಅದರದೇ ಪೆನ್ನಿದೆ, ಒತ್ತಡವೂ ತಿಳಿಯುತ್ತದೆ, ಬೆಲೆ ಪ್ರತ್ಯೇಕ. ಲೆನೊವೊದ ಕೆಲವು ಮಾದರಿಗಳಲ್ಲಿ ಪೆಟ್ಟಿಗೆಯಲ್ಲೇ ಪೆನ್ನು ಬರುತ್ತದೆ. ಕಡಿಮೆ ಹಣದ ವಿದ್ಯಾರ್ಥಿಗೆ ನಾನು ಮೊದಲು ಅವನ್ನು ನೋಡಲು ಹೇಳುತ್ತೇನೆ.

ಕನ್ನಡ ಬರೆಯಲು, ಓದಲು ಯಾವುದು ವಾಸಿ?

ಇದಕ್ಕೆ ಸ್ವಲ್ಪ ಉದ್ದಕ್ಕೇ ಉತ್ತರ ಕೊಡಬೇಕು. ಯಾವ ವಿಮರ್ಶೆಯಲ್ಲೂ ಇದನ್ನು ಬರೆಯುವುದಿಲ್ಲ, ನಮಗೆ ಬೇಕಾದದ್ದು ಇದೇ.

ಆಂಡ್ರಾಯ್ಡ್‌ನಲ್ಲಿ ಕನ್ನಡ ಸರಿಯಾಗಿ ಮೂಡತೊಡಗಿದ್ದು 2012ರ ಜೆಲ್ಲಿ ಬೀನ್ ಎಂಬ ಆವೃತ್ತಿಯ ಹೊತ್ತಿಗೆ. ಅದಕ್ಕೂ ಮೊದಲಿನ ಟ್ಯಾಬ್‌ಗಳಲ್ಲಿ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಸಾಲುಗಟ್ಟುತ್ತಿದ್ದವು. ಐಪ್ಯಾಡಿಗೆ ಆಪಲ್‌ನದೇ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ, ಐಓಎಸ್ 11ರ ಜೊತೆ. ಇವತ್ತು ಎರಡರಲ್ಲೂ ಕನ್ನಡ ಓದುವುದಕ್ಕೆ, ಟೈಪ್ ಮಾಡುವುದಕ್ಕೆ ತೊಂದರೆಯಿಲ್ಲ. ವ್ಯತ್ಯಾಸ ಕಾಣುವುದು ಟೈಪಿಂಗನ್ನು ದಾಟಿದ ಮೇಲೆ.

ಕೈಬರಹ ನೋಡಿ. ಆಂಡ್ರಾಯ್ಡ್‌ನಲ್ಲಿ ಜಿಬೋರ್ಡ್ ಎಂಬ ಗೂಗಲ್ ಕೀಲಿಮಣೆಗೆ ಕನ್ನಡ ಕೈಬರಹದ ಹಲಗೆಯಿದೆ. ಪೆನ್ನಿನಲ್ಲಿ "ಸ್ತ್ರೀ" ಎಂದು ಬರೆದರೆ ಅಚ್ಚಿನ "ಸ್ತ್ರೀ" ಆಗುತ್ತದೆ. ಟೈಪಿಂಗ್ ಬಾರದ ನಿವೃತ್ತ ಮೇಷ್ಟ್ರುಗಳಿಗೆ ಇದು ವರ. ಐಪ್ಯಾಡಿನ ಸ್ಕ್ರಿಬಲ್ ಎಂಬ ಸೌಲಭ್ಯ 2020ರಲ್ಲಿ ಇಂಗ್ಲಿಷ್ ಮತ್ತು ಚೀನೀ ಭಾಷೆಗೆಂದು ಬಂತು. ಕನ್ನಡ ಕೈಬರಹಕ್ಕಾಗಿ ಐಪ್ಯಾಡ್ ಕೊಳ್ಳಬೇಡಿ. ಕನ್ನಡದಲ್ಲಿ ಮಾತಾಡಿ ಟೈಪ್ ಮಾಡಿಸುವುದೂ ಗೂಗಲ್ ಕೀಲಿಮಣೆಯಲ್ಲಿ 2017ರಿಂದ ಇದೆ.

ಸ್ಕ್ಯಾನಿನಿಂದ ಅಕ್ಷರ ಎತ್ತುವುದರಲ್ಲೂ ಹೀಗೆಯೇ. ಹಳೆಯ ಪುಸ್ತಕದ ಒಂದು ಪ್ಯಾರಾ ನಕಲು ಮಾಡಿಕೊಳ್ಳಬೇಕಾದರೆ ಗೂಗಲ್ ಲೆನ್ಸ್ ಕನ್ನಡವನ್ನು ಗುರುತಿಸುತ್ತದೆ, ಗೂಗಲ್ ಡ್ರೈವ್‌ಗೆ ಏರಿಸಿ ಡಾಕ್ಸ್‌ನಲ್ಲಿ ತೆರೆದರೂ ಆಗುತ್ತದೆ. ಐಪ್ಯಾಡಿನಲ್ಲಿ ಚಿತ್ರದ ಮೇಲೆ ಬೆರಳಿಟ್ಟು ಇಂಗ್ಲಿಷ್ ಎತ್ತಿಕೊಳ್ಳುವ ಹಾಗೆ ಕನ್ನಡ ಎತ್ತಿಕೊಳ್ಳಲು ಆಗುವುದಿಲ್ಲ. ಅಲ್ಲೂ ಗೂಗಲ್ ಆಪ್‌ಗೇ ಹೋಗಬೇಕು.

ಓದಿ ಹೇಳುವುದರಲ್ಲಿ ಎರಡೂ ಸಮ. ಗೂಗಲ್‌ನ ಕನ್ನಡ ದನಿಯೂ ಇದೆ, ಆಪಲ್‌ನ ಕನ್ನಡ ದನಿಯೂ ಇದೆ. ಕಣ್ಣು ಮಂಜಾದ ಹಿರಿಯರಿಗೆ ಸುದ್ದಿ ಕೇಳಿಸಲು ಎರಡೂ ಸಾಕು.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತ ಟ್ಯಾಬಿನಲ್ಲಿ ಏನೇನೋ ಆಗಿ ಕಾಣುತ್ತದಲ್ಲ?

ಟ್ಯಾಬಿನ ತಪ್ಪಲ್ಲ. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಕಡೆ ಒಳಗಿರುವ ಇಂಗ್ಲಿಷ್ ಚಿಹ್ನೆಗಳೇ ಹೊರಬೀಳುತ್ತವೆ. ಐಪ್ಯಾಡು, ಸ್ಯಾಮ್‌ಸಂಗು, ಶಿಯೋಮಿ ಮೂರರಲ್ಲೂ ಇದೇ ಗತಿ. ಉಪಾಯ ಎರಡು. ಕಂಪ್ಯೂಟರಿನಲ್ಲಿ ಅದನ್ನು ಪಿಡಿಎಫ್ ಮಾಡಿ ಕಳಿಸಿದರೆ ಓದುವುದಕ್ಕೆ ಆಗುತ್ತದೆ. ತಿದ್ದಬೇಕಾದರೆ ಎಲ್ಲ ಸಾಧನಗಳಿಗೂ ತಿಳಿಯುವ ಯೂನಿಕೋಡ್‌ಗೆ ಪರಿವರ್ತಿಸಬೇಕು. ಅದಕ್ಕೆ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ, ಅಲ್ಲಿ ತಪ್ಪು ನುಸುಳುವುದುಂಟು.

ಕನ್ನಡ ಇ-ಪುಸ್ತಕಕ್ಕೆ ಟ್ಯಾಬಿಗಿಂತ ಕಿಂಡಲ್ ಒಳ್ಳೆಯದಲ್ಲವೇ?

ಕಣ್ಣಿಗೆ ಕಿಂಡಲ್ ಒಳ್ಳೆಯದು, ಸಂಶಯವೇ ಇಲ್ಲ. ಬಿಸಿಲಲ್ಲಿ ಕೂತು ಓದಬಹುದು, ಚಾರ್ಜು ವಾರಗಟ್ಟಲೆ ನಿಲ್ಲುತ್ತದೆ. ಆದರೆ 2016ರ ಕೊನೆಗೆ ಅಮೆಜಾನ್ ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಆಗಿನ ನೋವು ನನಗಿನ್ನೂ ನೆನಪಿದೆ. ಕನ್ನಡದ ಇ-ಪುಸ್ತಕಗಳು ಬೆಳೆದದ್ದು ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಮತ್ತು ಮೈಲ್ಯಾಂಗ್‌ನಂಥ ನಮ್ಮದೇ ಆಪ್‌ಗಳಲ್ಲಿ. ಅವು ನಡೆಯುವುದು ಫೋನು ಟ್ಯಾಬುಗಳಲ್ಲಿ. ಕನ್ನಡ ಓದುಗರಿಗೆ ಟ್ಯಾಬ್ ಬೇಕಾಗುವುದಕ್ಕೆ ಇದೂ ಒಂದು ಕಾರಣ.

ಎಷ್ಟು ವರ್ಷ ಬಾಳುತ್ತದೆ?

ಯಂತ್ರ ಹತ್ತು ವರ್ಷ ಬಾಳಬಹುದು. ಅದರೊಳಗಿನ ತಂತ್ರಾಂಶಕ್ಕೆ ಕಂಪನಿ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತದೆ ಎಂಬುದೇ ನಿಜವಾದ ಆಯಸ್ಸು. ಅಪ್‌ಡೇಟ್ ನಿಂತ ಮೇಲೆ ಒಂದೊಂದೇ ಆಪು "ಈ ಸಾಧನಕ್ಕೆ ಹೊಂದುವುದಿಲ್ಲ" ಎನ್ನತೊಡಗುತ್ತದೆ, ಮೊದಲು ಬ್ಯಾಂಕಿನವು.

ಇಲ್ಲಿ ಐಪ್ಯಾಡಿನ ದಾಖಲೆ ಗಟ್ಟಿ. 2014ರ ಐಪ್ಯಾಡ್ ಏರ್ 2ಕ್ಕೆ 2021ರ ಐಪ್ಯಾಡ್‌ಓಎಸ್ 15ರ ತನಕ ಹೊಸ ಆವೃತ್ತಿ ಸಿಕ್ಕಿತು. 2019ರ ಅಗ್ಗದ ಏಳನೇ ತಲೆಮಾರಿನ ಐಪ್ಯಾಡು 2024ರ ಐಪ್ಯಾಡ್‌ಓಎಸ್ 18 ಪಡೆದು, ಮರುವರ್ಷ 26 ಎಂಬ ಹೆಸರಿನಲ್ಲಿ ಬಂದ ಆವೃತ್ತಿಗೆ ಪಟ್ಟಿಯಿಂದ ಹೊರಬಿತ್ತು. ಆಂಡ್ರಾಯ್ಡ್ ಬಳಗದಲ್ಲಿ ಸ್ಯಾಮ್‌ಸಂಗ್ ಈಗ ಸರಿಸಮಕ್ಕೆ ನಿಂತಿದೆ. 2024ರ ಟ್ಯಾಬ್ ಎಸ್10 ಪ್ಲಸ್, ಎಸ್10 ಅಲ್ಟ್ರಾಗಳಿಗೆ ಏಳು ಆಂಡ್ರಾಯ್ಡ್ ಆವೃತ್ತಿಗಳ ಮಾತು ಕೊಟ್ಟಿದೆ. ಅಗ್ಗದ ಎ9 ಪ್ಲಸ್‌ಗೆ ಇಷ್ಟು ಉದಾರವಿಲ್ಲ. ಬೇರೆ ಕಂಪನಿಯದು ಕೊಳ್ಳುವಾಗ "ಎಷ್ಟು ಆಂಡ್ರಾಯ್ಡ್ ಆವೃತ್ತಿ, ಎಷ್ಟು ವರ್ಷ ಭದ್ರತಾ ಅಪ್‌ಡೇಟ್" ಎಂದು ಆ ಮಾದರಿಯ ಹೆಸರು ಹಿಡಿದೇ ಕೇಳಿ. ಉತ್ತರ ಸಿಗದಿದ್ದರೆ ಅದನ್ನೇ ಉತ್ತರ ಎಂದುಕೊಳ್ಳಿ.

128 ಜಿಬಿ ಸಾಕಾ? ಮೆಮೊರಿ ಕಾರ್ಡ್ ಹಾಕಬಹುದಾ?

ಐಪ್ಯಾಡಿಗೆ ಕಾರ್ಡ್ ಹಾಕಲಾಗದು, ಶಿಯೋಮಿ ಪ್ಯಾಡ್ 7ಕ್ಕೂ ಇಲ್ಲ. ಸ್ಯಾಮ್‌ಸಂಗ್‌ನ ಎ9 ಪ್ಲಸ್, ಎಸ್10 ಎಫ್ಇ ಎರಡಕ್ಕೂ ಹಾಕಬಹುದು. ಸ್ಕ್ಯಾನ್ ಪುಸ್ತಕಗಳು ಒಂದೊಂದೂ ನೂರಾರು ಎಂಬಿ ತಿನ್ನುತ್ತವೆ. ಅಂಥ ಸಂಗ್ರಹ ಇರುವವರಿಗೆ ಕಾರ್ಡಿನ ಕಿಂಡಿ ದೊಡ್ಡ ಅನುಕೂಲ. ಬೇರೆಯವರಿಗೆ 128 ಸಾಕು. 64 ಜಿಬಿಯದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ರ‍್ಯಾಮ್ ಆಂಡ್ರಾಯ್ಡ್‌ನಲ್ಲಿ 8 ಜಿಬಿ ಇರಲಿ. 4 ಜಿಬಿಯಲ್ಲಿ ಪಿಡಿಎಫ್ ಒಂದು ಕಡೆ, ನೋಟ್ಸು ಇನ್ನೊಂದು ಕಡೆ ತೆರೆದರೆ ಒಂದು ಮುಚ್ಚಿಕೊಳ್ಳುತ್ತದೆ.

ಸಿಮ್ ಹಾಕುವ ಮಾದರಿ ತಗೊಳ್ಳಲೇ, ವೈಫೈ ಮಾತ್ರದ್ದು ಸಾಕೇ?

ಫೋನಿನ ಹಾಟ್‌ಸ್ಪಾಟ್ ಇರುವಾಗ ಬಹಳ ಜನರಿಗೆ ವೈಫೈ ಮಾದರಿ ಸಾಕು. ಆದರೆ ಮೂರು ವಿಷಯ ಮೊದಲೇ ಗೊತ್ತಿರಲಿ.

ವೈಫೈ ಮಾತ್ರದ ಐಪ್ಯಾಡಿನಲ್ಲಿ ಜಿಪಿಎಸ್ ಇಲ್ಲ. ಕಾರಿನಲ್ಲಿ ದಾರಿ ನೋಡಲು, ತೋಟದ ಗಡಿ ಅಳೆಯಲು ಅದನ್ನು ನಂಬುವಂತಿಲ್ಲ. ಎರಡನೆಯದು ಯುಪಿಐ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಆ ಸಾಧನದಲ್ಲೇ ಇದ್ದು, ಅಲ್ಲಿಂದಲೇ ಎಸ್ಸೆಮ್ಮೆಸ್ ಹೋಗಬೇಕು; ವೈಫೈ ಟ್ಯಾಬಿನಲ್ಲಿ ಅದು ನಡೆಯುವುದಿಲ್ಲ. ಮೂರನೆಯದು, ಈಚಿನ ಐಪ್ಯಾಡ್‌ಗಳ ಸೆಲ್ಯುಲರ್ ಮಾದರಿಯಲ್ಲಿ ಪ್ಲಾಸ್ಟಿಕ್ ಸಿಮ್‌ಗೆ ಜಾಗವೇ ಇಲ್ಲ, ಇಸಿಮ್ ಮಾತ್ರ. ಇನ್ನೊಂದು ಸಾಧನದ ಸಿಮ್ ತೆಗೆದು ಇದಕ್ಕೆ ಹಾಕುವ ಅಭ್ಯಾಸವಿದ್ದವರಿಗೆ ತೊಡಕು. ಐಪ್ಯಾಡಿನಿಂದ ಮಾಮೂಲು ಫೋನ್ ಕರೆಯೂ ಮಾಡಲಾಗದು. ಅಂದಹಾಗೆ ಐಪ್ಯಾಡಿಗೆ ವಾಟ್ಸ್‌ಆಪ್ ಬರಲು 2025ರ ಮೇ ತನಕ ಕಾಯಬೇಕಾಯಿತು. ಈಗ ಆ ದೂರು ಇಲ್ಲ.

144 ಹರ್ಟ್ಸ್ ಅಂತ ಬರೆದಿದ್ದಾರೆ. ಅದರಿಂದ ಏನು ಲಾಭ?

ಸ್ಕ್ರೀನು ಸೆಕೆಂಡಿಗೆ ಎಷ್ಟು ಸಲ ಹೊಸದಾಗಿ ಮೂಡುತ್ತದೆ ಎಂಬ ಲೆಕ್ಕ. ಐಪ್ಯಾಡಿನದು 60, ಎಸ್10 ಎಫ್ಇ 90, ಪ್ಯಾಡ್ 7ರದು 144. ಪುಟ ಜಾರಿಸುವಾಗ ನುಣುಪು ಕಾಣುತ್ತದೆ, ಆಟಕ್ಕೆ ಉಪಯೋಗ. ನಿಂತ ಪುಟ ಓದುವವರಿಗೆ ಏನೂ ಇಲ್ಲ. ಅದಕ್ಕಿಂತ ಪ್ಯಾಡ್ 7ರ 3.2ಕೆ ಸ್ಕ್ರೀನಿನಲ್ಲಿ ಚಿತ್ರ ಮೂಡಿಸುವ ಚುಕ್ಕಿಗಳ ಸಾಂದ್ರತೆ ನನಗೆ ಮುಖ್ಯ. 27,999 ರೂಪಾಯಿಗೆ ಒತ್ತಕ್ಷರ ಅಷ್ಟು ಚೂಪಾಗಿ ಕಾಣುವ ಸ್ಕ್ರೀನು ಸಿಗುವುದು ಸಣ್ಣ ಮಾತಲ್ಲ. ಅದರ ಕೊರತೆ ಬೇರೆ ಕಡೆ: ಸಿಮ್ ಇಲ್ಲ, ಬೆರಳಚ್ಚು ಬೀಗ ಇಲ್ಲ, ಇಯರ್‌ಫೋನ್ ಕಿಂಡಿ ಇಲ್ಲ.

ಎಂಟು ಸಾವಿರಕ್ಕೆ 10 ಇಂಚಿನ ಟ್ಯಾಬ್ ಆನ್‌ಲೈನಿನಲ್ಲಿ ಸಿಗುತ್ತಿದೆಯಲ್ಲ?

ದಯವಿಟ್ಟು ಬೇಡ. ನಮ್ಮ ಚಿಕ್ಕಮ್ಮ ಅಂಥದ್ದೊಂದನ್ನು ಮೊಮ್ಮಗನ ಆನ್‌ಲೈನ್ ಪಾಠಕ್ಕೆಂದು ತರಿಸಿದರು. ಪೆಟ್ಟಿಗೆಯ ಮೇಲೆ ಬರೆದ ರ‍್ಯಾಮ್ ಬೇರೆ, ಒಳಗಿದ್ದದ್ದು ಬೇರೆ. ಪಾಠ ನಡೆಯುವಾಗ ನೋಟ್ಸ್ ತೆರೆದರೆ ಪಾಠವೇ ನಿಂತುಹೋಗುತ್ತಿತ್ತು. ಆರು ತಿಂಗಳಿಗೆ ಚಾರ್ಜರ್ ಸಿಕ್ಕಿಸುವ ಜಾಗ ಸಡಿಲವಾಯಿತು. ರಿಪೇರಿಗೆ ಕೊಡೋಣವೆಂದರೆ ನಮ್ಮ ಜಿಲ್ಲೆಯಲ್ಲೇ ಅದರ ಸರ್ವಿಸ್ ಸೆಂಟರ್ ಇರಲಿಲ್ಲ. ಅವರು ಪಿಂಚಣಿ ಉಳಿಸಿ ಕೊಟ್ಟ ದುಡ್ಡು ಅದು.

ಇನ್ನೊಂದು ಗುಟ್ಟು ವೈಡ್‌ವೈನ್ ಎಂಬುದರಲ್ಲಿದೆ, ಅಂದರೆ ಸಿನಿಮಾ ನಕಲಾಗದಂತೆ ಕಾಯುವ ಗೂಗಲ್‌ನ ಬೀಗದಲ್ಲಿ. ಸಿನಿಮಾ ಆಪ್‌ಗಳು ಹೈ ಡೆಫಿನಿಶನ್ ಚಿತ್ರ ಕೊಡುವುದು ಎಲ್1 ಮಟ್ಟದ ಪ್ರಮಾಣ ಇರುವ ಸಾಧನಕ್ಕೆ ಮಾತ್ರ. ಎಲ್3 ಇದ್ದರೆ ಸ್ಕ್ರೀನು ಎಷ್ಟೇ ಚೆನ್ನಾಗಿರಲಿ, ಚಿತ್ರ ಮಸುಕು ಮಸುಕು. ಅಗ್ಗದ ಹೆಸರಿಲ್ಲದ ಟ್ಯಾಬ್‌ಗಳಲ್ಲಿ ಎಷ್ಟೋ ಸಲ ಈ ಎಲ್1 ಇರುವುದೇ ಇಲ್ಲ. ಹಣ ಕಡಿಮೆಯಿದ್ದರೆ ಹೆಸರಾಂತ ಕಂಪನಿಯ ಹಿಂದಿನ ವರ್ಷದ ಮಾದರಿ ಹುಡುಕಿ. ಟ್ಯಾಬ್ ಎ9 ಪ್ಲಸ್ 2023ರದು. ವೇಗ ಸಾಧಾರಣ, ಆದರೆ ನಾಲ್ಕು ಸ್ಪೀಕರ್, ಕಾರ್ಡಿಗೆ ಜಾಗ, ತಂತಿಯ ಇಯರ್‌ಫೋನಿಗೂ ಜಾಗ ಇದೆ.

ಕೀಬೋರ್ಡ್ ಹಾಕಿಕೊಂಡರೆ ಲ್ಯಾಪ್‌ಟಾಪ್ ಬೇಡವೇ?

ಬೇಕಾಗುತ್ತದೆ. ಐಪ್ಯಾಡ್‌ಓಎಸ್ 26ರಲ್ಲಿ ಕಿಟಕಿಗಳನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸಿ ಇಡಬಹುದು, ಮೇಲೆ ಮೆನು ಪಟ್ಟಿಯೂ ಬಂದಿದೆ. ಸ್ಯಾಮ್‌ಸಂಗ್‌ನ ಡೆಕ್ಸ್ ಎಂಬ ಸೌಲಭ್ಯ ಈ ಕೆಲಸವನ್ನು ಬಹಳ ಹಿಂದಿನಿಂದ ಮಾಡುತ್ತಿದೆ. ಪತ್ರ, ಸಣ್ಣ ಲೆಕ್ಕಪತ್ರ, ಲೇಖನಗಳಿಗೆ ಸಾಕು. ಟ್ಯಾಲಿ, ಪುಟವಿನ್ಯಾಸ, ಪ್ರೋಗ್ರಾಮಿಂಗ್, ನುಡಿ ತಂತ್ರಾಂಶವೇ ಬೇಕೆನ್ನುವ ಕಚೇರಿಯ ಕೆಲಸಕ್ಕೆ ಸಾಲದು. ಸಾದಾ ಐಪ್ಯಾಡಿನ ಮ್ಯಾಜಿಕ್ ಕೀಬೋರ್ಡ್ ಫೋಲಿಯೊ ಬಂದಾಗ ಅದರ ಬೆಲೆ 24,900. ಐಪ್ಯಾಡು, ಪೆನ್ಸಿಲ್, ಇದು ಸೇರಿದರೆ 67,700. ಆ ಹಣಕ್ಕೆ ಒಳ್ಳೆಯ ಲ್ಯಾಪ್‌ಟಾಪೇ ಬರುತ್ತದೆ. ಸಾವಿರ ಚಿಲ್ಲರೆಗೆ ಸಿಗುವ ಬ್ಲೂಟೂತ್ ಕೀಬೋರ್ಡು, ಒಂದು ಸ್ಟ್ಯಾಂಡು ಸಾಕು.

ಅಪ್ಪ ಅಮ್ಮನಿಗೆ ಯಾವುದು?

ಅವರ ಫೋನ್ ಯಾವುದೋ ಅದೇ ಬಳಗದ್ದು. ಆಂಡ್ರಾಯ್ಡ್ ಫೋನ್ ಹಿಡಿದು ರೂಢಿಯಾದವರಿಗೆ ಅರವತ್ತೈದರಲ್ಲಿ ಐಪ್ಯಾಡ್ ಕೊಟ್ಟು ಹೊಸದಾಗಿ ಕಲಿಸುವುದು ಅವರಿಗೂ ಕಷ್ಟ, ನಿಮಗೂ ಕಷ್ಟ. ತೂಕ ಗಮನಿಸಿ. ಸುಮಾರು 480 ಗ್ರಾಮಿನ ಐಪ್ಯಾಡಿಗೆ ಕವರ್ ಹಾಕಿದರೆ ಮುಕ್ಕಾಲು ಕಿಲೊ ಸಮೀಪ ಹೋಗುತ್ತದೆ. ಮಲಗಿ ಓದುವ ಹಿರಿಯರ ಮಣಿಕಟ್ಟು ನೋಯುತ್ತದೆ. ಹಿಂದೆ ಕಾಲು ಬಿಚ್ಚಿಕೊಂಡು ಮೇಜಿನ ಮೇಲೆ ನಿಲ್ಲುವ ಕವರ್ ಕೊಡಿಸಿ. ಅಕ್ಷರದ ಗಾತ್ರ ದೊಡ್ಡದು ಮಾಡಿ, ಭಾಷೆ ಕನ್ನಡ ಮಾಡಿ, ಬೇಡದ ಆಪ್‌ಗಳ ನೋಟಿಫಿಕೇಷನ್ ನಿಲ್ಲಿಸಿ, ಆಮೇಲೆ ಕೈಗೆ ಕೊಡಿ.

ಚಿಕ್ಕ ಮಕ್ಕಳಿಗೆ?

ಆರೇಳು ವರ್ಷದೊಳಗಿನವರಿಗೆ ಸ್ವಂತದ್ದು ಬೇಡ ಎಂಬುದು ನನ್ನ ಮಾತು. ಶಾಲೆಗೆ ಹೋಗುವವರಿಗಾದರೆ ಗೂಗಲ್ ಫ್ಯಾಮಿಲಿ ಲಿಂಕ್ ಅಥವಾ ಐಪ್ಯಾಡಿನ ಸ್ಕ್ರೀನ್ ಟೈಮ್ ಹಾಕಿ ಹೊತ್ತು ನಿಗದಿ ಮಾಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳೆಲ್ಲ ಪಿಡಿಎಫ್ ಆಗಿ ಉಚಿತ. ಇಳಿಸಿ ಇಟ್ಟರೆ ಇಂಟರ್ನೆಟ್ ಆರಿಸಿಯೂ ಓದಿಸಬಹುದು. ನೀರು ಬೀಳುವ ಭಯವಿದ್ದರೆ ಎಸ್10 ಎಫ್ಇಗೆ ಐಪಿ68 ರಕ್ಷಣೆಯಿದೆ. ಮಿಕ್ಕ ಮೂರಕ್ಕೆ ಇಲ್ಲ.

ಐಪ್ಯಾಡ್ ಪ್ರೊ?

2024ರ ಎಂ4 ಪ್ರೊ 99,900ರಿಂದ ಶುರುವಾಯಿತು. ಓಎಲ್‌ಇಡಿ ಸ್ಕ್ರೀನು, 13 ಇಂಚಿನದು ದಪ್ಪ 5.1 ಮಿ.ಮೀ. ಮಾತ್ರ, ಅದರಲ್ಲಿ ಎ4 ಪುಟ 90 ಶೇಕಡದ ಹತ್ತಿರ ಕಾಣುತ್ತದೆ. ಅದರಿಂದ ಸಂಪಾದಿಸುವವರು ಕೊಳ್ಳಲಿ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಐಪ್ಯಾಡ್ ಆದರೆ ಧೈರ್ಯವಾಗಿ. 2021ರ ಒಂಬತ್ತನೇ ತಲೆಮಾರಿನದು ಐಪ್ಯಾಡ್‌ಓಎಸ್ 26ನ್ನೂ ಓಡಿಸುತ್ತದೆ, ಇಯರ್‌ಫೋನ್ ಕಿಂಡಿಯೂ ಇದೆ. ಚಾರ್ಜರ್ ಮಾತ್ರ ಹಳೆಯ ಲೈಟ್ನಿಂಗ್. ದುಡ್ಡು ಕೊಡುವ ಮುಂಚೆ ಮಾರುವವರು ನಿಮ್ಮೆದುರೇ ತಮ್ಮ ಆಪಲ್ ಖಾತೆಯಿಂದ ಹೊರಬಂದು ಪೂರ್ತಿ ಅಳಿಸಿಕೊಡಬೇಕು. ಅದು ಆಗದಿದ್ದರೆ ಆಕ್ಟಿವೇಷನ್ ಲಾಕ್ ಬಿದ್ದು ನಿಮ್ಮ ಕೈಯಲ್ಲಿ ಬರೀ ಗಾಜಿನ ಹಲಗೆ ಉಳಿಯುತ್ತದೆ.

ಮೊದಲು ಎಷ್ಟೊಂದು ಕಂಪನಿಗಳಿದ್ದವಲ್ಲ, ಅವೆಲ್ಲ ಎಲ್ಲಿ ಹೋದವು?

2010ರ ಏಪ್ರಿಲ್‌ನಲ್ಲಿ ಮೊದಲ ಐಪ್ಯಾಡ್ ಮಾರಾಟಕ್ಕೆ ಬಂದ ಮೇಲೆ ಎಲ್ಲರೂ ಹಿಂದೆ ಓಡಿದರು. ಬ್ಲ್ಯಾಕ್‌ಬೆರಿ ಪ್ಲೇಬುಕ್ 2011ರ ಏಪ್ರಿಲ್‌ನಲ್ಲಿ ಬಂತು. ಇಮೇಲ್‌ಗೆ ಹೆಸರಾದ ಕಂಪನಿಯ ಟ್ಯಾಬಿನಲ್ಲಿ ಸ್ವಂತ ಇಮೇಲ್ ಆಪ್ ಇರಲಿಲ್ಲ. ಎಚ್‌ಪಿ ಟಚ್‌ಪ್ಯಾಡ್ ಅದೇ ಜುಲೈ 1ಕ್ಕೆ ಬಂದು ಆಗಸ್ಟ್ 18ಕ್ಕೆ ನಿಂತುಹೋಯಿತು, ಉಳಿದವನ್ನು 99 ಡಾಲರಿಗೆ ಮಾರಿ ಮುಗಿಸಿದರು. 2012ರ ಮೈಕ್ರೋಸಾಫ್ಟ್ ಸರ್ಫೇಸ್ ಆರ್‌ಟಿ ನೋಡಲು ವಿಂಡೋಸ್, ಆದರೆ ಹಳೆಯ ವಿಂಡೋಸ್ ತಂತ್ರಾಂಶಗಳು ಅದರಲ್ಲಿ ನಡೆಯುತ್ತಿರಲಿಲ್ಲ. ಮರುವರ್ಷ ಕಂಪನಿ 90 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಇವೆಲ್ಲ ಯಂತ್ರಗಳಾಗಿ ಕೆಟ್ಟವಲ್ಲ. ಆಪ್‌ಗಳಿಲ್ಲದೆ ಸೊರಗಿದವು. ವಿದ್ಯಾರ್ಥಿಗಳಿಗೆಂದು ನಮ್ಮ ಸರ್ಕಾರ ತಂದ ಅಗ್ಗದ ಟ್ಯಾಬ್ ಆಕಾಶ್ 2011ರ ಅಕ್ಟೋಬರಿನಲ್ಲಿ ಬಂದಾಗ ಕಥೆ ಬೇರೆ: 256 ಎಂಬಿ ರ‍್ಯಾಮು, ಒತ್ತಿದರೆ ಮಾತ್ರ ತಿಳಿಯುವ ಹಳೆಯ ರೀತಿಯ ಸ್ಕ್ರೀನು. ಬೆಲೆ ಇಳಿಸುವ ಆಸೆಯಲ್ಲಿ ಓದುವ ಸುಖವೇ ಇಲ್ಲದಂತಾಯಿತು.

ಅವೆಲ್ಲಕ್ಕೂ ಮೊದಲು ಬೆಂಗಳೂರಿನಲ್ಲೇ ಒಂದು ಸ್ಲೇಟು ಹುಟ್ಟಿತ್ತು ಎಂದು ಇಂದಿನ ಮಕ್ಕಳಿಗೆ ಗೊತ್ತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸೇರಿ ರೂಪಿಸಿದ ಸಿಂಪ್ಯೂಟರ್. ಅಂಗೈಯಗಲದ್ದು, ಲಿನಕ್ಸ್‌ನಲ್ಲಿ ನಡೆಯುತ್ತಿತ್ತು, ಪೆನ್ನಿನಿಂದ ಮುಟ್ಟಬೇಕು, ಹಳ್ಳಿಯಲ್ಲಿ ಹಲವರು ಒಂದನ್ನೇ ಹಂಚಿಕೊಳ್ಳಲೆಂದು ಸ್ಮಾರ್ಟ್ ಕಾರ್ಡಿನ ಏರ್ಪಾಡು. ಅಕ್ಷರ ಬಾರದವರಿಗೂ ಬೇಕಾಗುತ್ತದೆಂದು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ತಂತ್ರಾಂಶಕ್ಕೂ ಕೈಹಾಕಿದ್ದರು. 2004ರಲ್ಲಿ ಬಿಇಎಲ್ ಅದನ್ನು ಅಮಿಡಾ ಹೆಸರಿನಲ್ಲಿ ತಯಾರಿಸಿತು. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗಿ ಹಳ್ಳಿ ತಲುಪಿಬಿಟ್ಟಿತ್ತು.

ಬ್ಯಾಟರಿ ಬೇಗ ಹಾಳಾಗದಂತೆ?

ಸದಾ ಚಾರ್ಜಿಗೆ ಸಿಕ್ಕಿಸಿಡಬೇಡಿ. ಚಾರ್ಜು 80 ಶೇಕಡಕ್ಕೆ ನಿಲ್ಲಿಸುವ ಸೌಲಭ್ಯ ಇದ್ದರೆ ಹಾಕಿಕೊಳ್ಳಿ. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟು ಹೋಗಬೇಡಿ.

ಅಂಗಡಿಗೆ ಹೋದಾಗ ಏನು ನೋಡಲಿ?

ಪ್ರದರ್ಶನಕ್ಕಿಟ್ಟ ಟ್ಯಾಬಿನಲ್ಲಿ ಓಡುತ್ತಿರುವ ಬಣ್ಣಬಣ್ಣದ ವಿಡಿಯೊ ನೋಡಬೇಡಿ. ಅದರಲ್ಲಿ ಎಲ್ಲ ಸ್ಕ್ರೀನೂ ಚೆಂದ. ನೀವು ದಿನಾ ಓದುವಂಥ ಒಂದು ಕನ್ನಡ ಪಿಡಿಎಫ್ ಪೆನ್‌ಡ್ರೈವಿನಲ್ಲಿ ಒಯ್ಯಿರಿ, ಇಲ್ಲವೇ ಅಲ್ಲೇ ಬ್ರೌಸರಿನಲ್ಲಿ ತೆರೆಯಿರಿ. ನೆಟ್ಟಗೆ ಹಿಡಿದು, ಹಿಗ್ಗಿಸದೆ, ಅಡಿಟಿಪ್ಪಣಿಯ ಸಾಲು ಓದಿ. ಆಮೇಲೆ ಕನ್ನಡ ಕೀಲಿಮಣೆ ತೆರೆದು ಲಕ್ಷ್ಮೀ, ಸ್ವಾತಂತ್ರ್ಯ, ರ‍್ಯಾಂಕು ಎಂದು ಟೈಪ್ ಮಾಡಿ. ಮೂರನೆಯದರಲ್ಲಿ ರ ಮೊದಲಿಗೆ ನಿಂತು ಯ ಅದರ ಒತ್ತಾಗಿ ಬರಬೇಕು. ಯಾ ಮೊದಲಿಗೆ ಬಂದು ಪಕ್ಕದಲ್ಲಿ ಅರ್ಕಾವೊತ್ತು ಬಿದ್ದರೆ ಆ ಕೀಲಿಮಣೆ ಬದಲಿಸಬೇಕಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಪೆನ್ನು ಇದ್ದರೆ ಅಂಗೈಯನ್ನು ಸ್ಕ್ರೀನಿಗೆ ಊರಿ ನಿಮ್ಮ ಹೆಸರು ಬರೆಯಿರಿ. ಕೊನೆಗೆ ಕವರ್ ಸಮೇತ ಒಂದೇ ಕೈಯಲ್ಲಿ ಎತ್ತಿ ಹಿಡಿದು, ಎರಡು ಪುಟ ನಿಂತುಕೊಂಡೇ ಓದಿ ನೋಡಿ.